ವಾರಕ್ಕೆ ಎರಡು ಗಂಟೆ: ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವವರ ಹೊರಗಿನ ಬದುಕು

(ಡಿಮೆನ್ಷಿಯಾ, ಅಂದರೆ ನೆನಪು-ತಿಳಿವಳಿಕೆ ಕುಗ್ಗಿಸುವ ಮಿದುಳಿನ ಕಾಯಿಲೆ, ಇರುವವರ ಮನೆಮಂದಿಗೂ ಆಶಾ ಕಾರ್ಯಕರ್ತೆಯರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

“ಸ್ವಲ್ಪ ಹೊರಗೆ ಹೋಗಿ ಬನ್ನಿ, ನಾಲ್ಕು ಜನರ ಜತೆ ಬೆರೆಯಿರಿ, ಮನಸ್ಸು ಹಗುರಾಗುತ್ತೆ.” ಇಲ್ಲಿ ಕೂತಿರುವ ಎಲ್ಲರೂ ಈ ಮಾತನ್ನು ಕೇಳಿಸಿಕೊಂಡವರೇ. ಡಾಕ್ಟರು ಹೇಳಿರುತ್ತಾರೆ, ಹಬ್ಬಕ್ಕೆ ಬಂದ ಓರಗಿತ್ತಿ ಹೇಳಿರುತ್ತಾಳೆ, ಫೋನಿನಲ್ಲಿ ಮೈದುನ ಹೇಳಿರುತ್ತಾನೆ. ಮಾತೇನೂ ಸುಳ್ಳಲ್ಲ. ಆದರೆ ಹಾಗೆ ಹೇಳಿದವರಲ್ಲಿ ಎಷ್ಟು ಜನ, ನೀವು ಹೊರಗಿರುವ ಹೊತ್ತಿನಲ್ಲಿ ಮಾವನ ಪಕ್ಕ ಕೂರುವವರು ಯಾರು ಅಂತ ಕೇಳಿದರು? ಅದಕ್ಕೆ ಉತ್ತರ ಸಿಗುವ ತನಕ ಮಿಕ್ಕ ಸಲಹೆಯೆಲ್ಲ ಬರೀ ಬಾಯುಪಚಾರ. ಹಾಗಾಗಿ ಇವತ್ತು ಹೆಚ್ಚು ಹೊತ್ತನ್ನು ಆ ಪ್ರಶ್ನೆಗೇ ಕೊಡೋಣ.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು ದೇಶದ ಹಿರಿಯರಲ್ಲಿ ಈ ಕಾಯಿಲೆಯನ್ನು ಅಳೆದ ಲಾಸಿ-ಡ್ಯಾಡ್ ಸಮೀಕ್ಷೆ ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನ ಇರುವುದು ಮನೆಯಲ್ಲೇ. ಮನೆಯಲ್ಲಿ ಐದಾರು ಮಂದಿ ಇದ್ದರೂ ಸ್ನಾನ, ಶೌಚ, ಊಟ, ರಾತ್ರಿ ಎದ್ದು ಕೂರುವುದು ಎಲ್ಲವೂ ಒಬ್ಬರ ಕೊರಳಿಗೇ ಬಿದ್ದಿರುತ್ತದೆ. ಅವರು ಹೆಂಡತಿ, ಮಗಳು, ಇಲ್ಲವೇ ಸೊಸೆ. ಸೊಸೆಯ ಪಾಡು ಇನ್ನೂ ಬೇರೆ: ದುಡಿಮೆ ಅವಳದು, ತೀರ್ಮಾನ ಗಂಡನ ಅಕ್ಕತಂಗಿಯರದು. “ಎರಡು ಗಂಟೆ ಹೊರಗೆ ಹೋಗಿ ಬರ್ತೀನಿ” ಎನ್ನಲೂ ಅವಳು ಕಾರಣ ಕೊಡಬೇಕು.

ಒಡನಾಟ ಕಳಚುವ ಬಗೆ

ಜನರ ನಂಟು ಒಂದೇ ದಿನ ತಪ್ಪುವುದಿಲ್ಲ. ಮೊದಲು ಮದುವೆ-ಮುಂಜಿಗಳು ನಿಲ್ಲುತ್ತವೆ. ಅಲ್ಲಿ ಕಾಯಿಲೆಯವರು ಕೇಳಿದ್ದನ್ನೇ ಕೇಳುತ್ತಾರೆ, ಎಲೆಯ ಮುಂದಿಂದ ಅರ್ಧಕ್ಕೆ ಎದ್ದುಬಿಡುತ್ತಾರೆ. ಆಮೇಲೆ ಮನೆಗೆ ಬರುವವರು ಕಡಿಮೆಯಾಗುತ್ತಾರೆ. ಬಂದವರ ಮೇಲೆ ಎಂದೋ “ನನ್ನ ಸರ ಕದ್ದಿದ್ದಾಳೆ” ಎಂಬ ಮಾತು ಬಿದ್ದಿರುತ್ತದೆ, ಇಲ್ಲವೇ ಬಂದವರಿಗೇ ಏನು ಮಾತಾಡುವುದೋ ತೋಚಿರುವುದಿಲ್ಲ. ಎರಡು ಸಲ ಕರೆದು ಬರಲಿಲ್ಲವೆಂದರೆ ಮೂರನೆಯ ಸಲ ಯಾರೂ ಕರೆಯುವುದಿಲ್ಲ. ಕೊನೆಗೆ ಫೋನ್ ಕೂಡ ಔಷಧಿ ಅಂಗಡಿಗೆ, ಡಾಕ್ಟರಿಗೆ, ತಮ್ಮನಿಗೆ ಅಷ್ಟೇ.

ಇದರ ಜತೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇದೆ: ಗಡಿಯಾರ. ನಮ್ಮ ಕಡೆ ಹೆಂಗಸರ ಒಡನಾಟ ನಡೆಯುವುದು ಹೆಚ್ಚಾಗಿ ಸಂಜೆ 4ರಿಂದ 7ರ ನಡುವೆ. ಭಜನಾ ಮಂಡಳಿ, ಅರಿಶಿನ ಕುಂಕುಮ, ಪಾರ್ಕಿನ ನಡಿಗೆ, ಸ್ವಸಹಾಯ ಸಂಘದ ಸಭೆ ಎಲ್ಲ ಆಗಲೇ. ಡಿಮೆನ್ಷಿಯಾ ಇರುವ ಅನೇಕರಲ್ಲಿ ಚಡಪಡಿಕೆ ಏರುವುದೂ ಆಗಲೇ. ದೇಹದ ಒಳಗಿನ ಗಡಿಯಾರ ಏರುಪೇರಾಗಿರುತ್ತದೆ, ದಿನದ ದಣಿವು ಸೇರಿರುತ್ತದೆ, ಬೆಳಕು ಇಳಿದು ನೆರಳುಗಳು ಗಲಿಬಿಲಿ ಹುಟ್ಟಿಸುತ್ತವೆ. “ನಮ್ಮ ಮನೆಗೆ ಹೋಗ್ತೀನಿ, ಬಾಗಿಲು ತೆಗಿ” ಅನ್ನುವ ಹಟ ಶುರುವಾಗುವ ಹೊತ್ತಿಗೆ ನೀವು ಭಜನೆಗೆ ಹೊರಡುವುದು ಹೇಗೆ? ಹೀಗಾಗಿ ಹೊರಗಿನ ಹೊತ್ತನ್ನು ಬೆಳಗಿಗೆ ತಿರುಗಿಸುವುದು ಮೊದಲ ಕೆಲಸ. ತಿಂಡಿ, ಶೌಚ, ಸ್ನಾನ ಮುಗಿದು ಹೆಚ್ಚಿನವರು ಸಮಾಧಾನವಾಗಿರುವುದು 10.30ರಿಂದ 12.30. ನಿಮ್ಮ ಮನೆಯ ಹೊತ್ತು ಬೇರೆ ಇರಬಹುದು. ಒಂದು ವಾರ ಕ್ಯಾಲೆಂಡರಿನ ಮೇಲೆ ಅವರ ಸಮಾಧಾನದ ಗಂಟೆಗಳನ್ನು ಗುರುತು ಹಾಕಿದರೆ ಕಾಣುತ್ತದೆ. ಲೂಯಿ ಬಾಡಿ ಬಗೆಯ ಡಿಮೆನ್ಷಿಯಾದಲ್ಲಿ ಮಾತ್ರ ಸ್ಥಿತಿ ದಿನದಿನಕ್ಕೆ, ಗಂಟೆಗಂಟೆಗೆ ಬದಲಾಗುವುದರಿಂದ ಈ ಲೆಕ್ಕ ಅಷ್ಟು ಸಲೀಸಾಗಿ ಕೂರುವುದಿಲ್ಲ. ಸಂಘದವರನ್ನೂ ಕೇಳಿ ನೋಡಿ, ತಿಂಗಳಿಗೆ ಒಂದು ಸಭೆಯನ್ನು ಬೆಳಿಗ್ಗೆ ಇಡಲು ಆಗುತ್ತದೆಯೇ ಅಂತ. ಕೇಳದೆ ಯಾರಿಗೂ ಹೊಳೆಯುವುದಿಲ್ಲ.

ಎಷ್ಟು ಜನ ಅನ್ನುವುದಕ್ಕಿಂತ ಎಂಥ ಜನ

ಒತ್ತಡ ಹೊತ್ತವರ ದೇಹಕ್ಕೆ ಏನಾಗುತ್ತದೆ ಎಂಬುದಕ್ಕೆ ಒಂದು ಅಧ್ಯಯನವನ್ನಷ್ಟೇ ಹೇಳುತ್ತೇವೆ. 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಅಮೆರಿಕದಲ್ಲಿ ಅಶಕ್ತ ಸಂಗಾತಿಯನ್ನು ನೋಡಿಕೊಳ್ಳುವ ಹಿರಿಯರನ್ನು ನಾಲ್ಕು ವರ್ಷ ಗಮನಿಸಿದ ವರದಿ ಪ್ರಕಟಿಸಿದರು. ಆರೈಕೆಯಿಂದ ಒತ್ತಡಕ್ಕೆ ಬಿದ್ದವರಲ್ಲಿ ಸಾವಿನ ಅಪಾಯ, ಆರೈಕೆಯ ಹೊಣೆಯಿಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಒತ್ತಡಕ್ಕೆ ಬೀಳದವರಲ್ಲಿ ಹಾಗೆ ಕಾಣಲಿಲ್ಲ. ಆ ಸಂಗಾತಿಗಳೆಲ್ಲರಿಗೂ ಡಿಮೆನ್ಷಿಯಾ ಇರಲಿಲ್ಲ, ಇದನ್ನೂ ನೆನಪಿಡಿ. ಆದರೂ ಕೆಲಸಕ್ಕಿಂತ ಕೆಲಸದ ಕುತ್ತು ಕೊಲ್ಲುತ್ತದೆ ಎಂಬ ಸುಳಿವು ಅಲ್ಲಿದೆ.

ಆ ಕುತ್ತನ್ನು ಇಳಿಸುವುದು ಹೇಗೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ಮತ್ತು ಸಂಗಡಿಗರು 406 ಮಂದಿ ಗಂಡ-ಹೆಂಡಿರ ಮೇಲೆ ನಡೆಸಿದ ಪ್ರಯೋಗ ಈ ಕ್ಷೇತ್ರದಲ್ಲಿ ದೊಡ್ಡದು. ಆರೈಕೆದಾರರ ಜತೆ ಒಂಟಿಯಾಗಿ ಎರಡು ಸಲ ಮಾತು, ಆಮೇಲೆ ಇಡೀ ಕುಟುಂಬವನ್ನು ಕೂರಿಸಿ ನಾಲ್ಕು ಸಲ, ಅನಂತರ ಬೆಂಬಲ ಗುಂಪು, ಬೇಕೆನಿಸಿದಾಗ ಫೋನಿನಲ್ಲಿ ಸಲಹೆ. ಇಷ್ಟು ಸಿಕ್ಕವರು ಸಂಗಾತಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದನ್ನು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ, ಲೆಕ್ಕದ ಪ್ರಕಾರ 557 ದಿನ, ಮುಂದೂಡಲು ಸಾಧ್ಯವಾಯಿತು. ಖಿನ್ನತೆಯೂ ಇಳಿಯಿತು. ಕರ್ನಾಟಕದಲ್ಲಿ ಹೆಚ್ಚಿನವರು ಆರೈಕೆ ಕೇಂದ್ರದ ಯೋಚನೆಯನ್ನೇ ಮಾಡುವುದಿಲ್ಲ, ಹಾಗಾಗಿ ಆ 557 ನಮಗೆ ನೇರವಾಗಿ ಒಪ್ಪುವ ಅಂಕಿಯಲ್ಲ. ನಮಗೆ ಮುಖ್ಯವಾದದ್ದು ಎರಡಕ್ಕೆ ನಾಲ್ಕರ ಪಾಲು. ಆರು ಸಿಟ್ಟಿಂಗಿನಲ್ಲಿ ನಾಲ್ಕು ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗಾಗಿ. ಮತ್ತೆ, ಫಲ ಬಂದದ್ದರ ಹಿಂದೆ ಕೆಲಸ ಮಾಡಿದ ಕಾರಣಗಳಲ್ಲಿ ಒಂದು, ಸುತ್ತಲಿನವರ ಬೆಂಬಲದ ಬಗ್ಗೆ ಆರೈಕೆದಾರರಿಗೆ ಇದ್ದ ಸಮಾಧಾನ. ಹತ್ತು ಜನ ಬಂದು ಕಾಫಿ ಕುಡಿದು ಹೋಗುವುದಕ್ಕಿಂತ, ಕರೆದಾಗ ಬರುವ ಇಬ್ಬರು ವಾಸಿ.

ಸರಿ, ಯಾರೂ ಇಲ್ಲದವರಿಗೆ ಒಬ್ಬ ಸ್ವಯಂಸೇವಕರನ್ನು ಗೆಳೆಯರಾಗಿ ಕಳಿಸಿದರೆ? ಇಂಗ್ಲೆಂಡಿನಲ್ಲಿ 236 ಆರೈಕೆದಾರರ ಮೇಲೆ ಇದನ್ನೇ ಮಾಡಿ ನೋಡಿದರು. 2008ರಲ್ಲಿ ಬಂದ ಫಲಿತಾಂಶ ನಿರಾಸೆಯದು: ಸ್ವಯಂಸೇವಕರನ್ನು ಒಪ್ಪಿಕೊಂಡವರೇ ಸುಮಾರು ಅರ್ಧದಷ್ಟು, ಒಟ್ಟಾರೆ ಆತಂಕ-ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಇದರ ಅರ್ಥ ಇಷ್ಟು: ಹೊಸಬರನ್ನು ಹೊಂದಿಸಿಕೊಳ್ಳುವುದೇ ದಣಿದವರಿಗೆ ಇನ್ನೊಂದು ಕೆಲಸ. ಹಳೆಯ ನಂಟುಗಳನ್ನು ಹಿಡಿದು ನಿಲ್ಲಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಸುಲಭ, ಅದೂ ಅವು ಪೂರ್ತಿ ಕಳಚುವ ಮೊದಲೇ. ಕಾಯಿಲೆ ಗೊತ್ತಾದ ಮೊದಲ ವರ್ಷವೇ ಇದಕ್ಕೆ ಒಳ್ಳೆಯ ಕಾಲ. ಆಗ ಬಿಡುವು ಬೇಕು ಅಂತ ಯಾರಿಗೂ ಅನಿಸಿರುವುದಿಲ್ಲ, ಅದೇ ತೊಡಕು.

ಇನ್ನು ಹೊರಗಡೆ ಎಷ್ಟು ಹೊತ್ತು? ಹಗಲು ಆರೈಕೆ ಕೇಂದ್ರಗಳ ಬಗ್ಗೆ ಸ್ಟೀವನ್ ಜ಼ಾರಿಟ್ ತಂಡ 1998ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ, ಕನಿಷ್ಠ ಮೂರು ತಿಂಗಳು ಬಳಸಿದವರಲ್ಲಿ ಒತ್ತಡ ಇಳಿದಿತ್ತು. ಒಮ್ಮೊಮ್ಮೆ, ತುರ್ತಿಗೆ ಮಾತ್ರ ಸಿಗುವ ಬಿಡುವಿನಿಂದ ಹಾಗಾಗುವುದು ಕಷ್ಟ, ಯಾಕೆಂದರೆ ಮುಂದಿನ ಬಿಡುವು ಯಾವಾಗ ಅಂತ ಗೊತ್ತಿಲ್ಲದ ಮನಸ್ಸು ಇದ್ದ ಬಿಡುವನ್ನೂ ಅನುಭವಿಸುವುದಿಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥ ಸಂಸ್ಥೆಗಳ ಡಿಮೆನ್ಷಿಯಾ ಹಗಲು ಕೇಂದ್ರ ಇದೆ, ಹತ್ತಿರದವರು ವಿಚಾರಿಸಬೇಕು. ತಾಲ್ಲೂಕು ಊರುಗಳಲ್ಲಿ ಇಂಥದ್ದು ಸಿಗುವುದು ಅಪರೂಪ. ಅಲ್ಲಿ ಮನೆಯಲ್ಲೇ ಏರ್ಪಾಡು ಆಗಬೇಕು. ನಾವು ಹೇಳುವ ಅಳತೆ ತೀರ ಚಿಕ್ಕದು, ವಾರಕ್ಕೆ ಒಂದು ಸಲ ಎರಡು ಗಂಟೆ, ಅದೇ ದಿನ, ಅದೇ ಹೊತ್ತು. ಇದು ನೆಲೆಗೆ ನಿಂತ ಮೇಲೆ ಎರಡನೆಯ ದಿನ.

ಬದಲಿಯವರನ್ನು ತಯಾರು ಮಾಡುವುದು

ನೀವು ಹೊರಗಿರುವಾಗ ನಿಮ್ಮ ಬದಲಿಗೆ ಕೂರಲು ಯಾರನ್ನು ಆರಿಸುವುದು? ಓದಿದವರು, ನರ್ಸಿಂಗ್ ಬಲ್ಲವರು ಅಂತ ಹುಡುಕುವ ಮೊದಲು ಭಾಷೆ ನೋಡಿ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮಸುಕಾಗಿ ಮನೆಮಾತು ಉಳಿಯುವುದು ಸಾಮಾನ್ಯ. ಜೀವನವೆಲ್ಲ ಬೆಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ಆಡಿದ ಅಜ್ಜಿ ಈಗ ತುಳುವಿಗೋ ಕೊಂಕಣಿಗೋ ಹವ್ಯಕಕ್ಕೋ ಮಾತ್ರ ತಿರುಗಬಹುದು. ಏಜೆನ್ಸಿಯಿಂದ ಬಂದವರಿಗೆ ಆ ಮಾತು ಬಾರದಿದ್ದರೆ, ಬಾತ್‌ರೂಮಿಗೆ ಹೋಗಬೇಕು ಅಂತ ಅಜ್ಜಿ ಹೇಳಿದ್ದು ಅರ್ಥವಾಗದೆ, ಕೊನೆಗೆ ಅದು “ಹಟ ಮಾಡ್ತಾರೆ” ಅಂತ ದೂರಾಗಿ ನಿಮ್ಮ ಕಿವಿಗೆ ಬೀಳುತ್ತದೆ. ಏಜೆನ್ಸಿಯವರಾದರೆ ಪ್ರತಿ ವಾರ ಒಬ್ಬರೇ ಬರಬೇಕೆಂಬ ಷರತ್ತು ಮೊದಲೇ ಹಾಕಿ. ವಾರಕ್ಕೊಬ್ಬರು ಹೊಸಬರು ಬಂದರೆ ನೀವು ಹೊರಗೆ ಹೋಗುವ ಬದಲು ಪಾಠ ಹೇಳುತ್ತ ಕೂರಬೇಕಾಗುತ್ತದೆ.

ತಯಾರಿಗೆ ನಾಲ್ಕು ವಾರ ಇಟ್ಟುಕೊಳ್ಳಿ. ಮೊದಲ ವಾರ ಅವರು ಬರುತ್ತಾರೆ, ನೀವೂ ಇರುತ್ತೀರಿ; ಮೂವರೂ ಕೂತು ಕಾಫಿ ಕುಡಿಯುವುದು, ಹಳೆಯ ಹಾಡು ಹಾಕುವುದು, ಅವರೆಕಾಳು ಸುಲಿಯುವುದು. ಎರಡನೆಯ ವಾರ ಒಂದು ಕೆಲಸ ಅವರ ಕೈಗೆ, ತಿಂಡಿ ಕೊಡುವುದೋ ಅಂಗಳದಲ್ಲಿ ನಡೆಸುವುದೋ, ನೀವು ಒಳಕೋಣೆಯಲ್ಲಿ. ಕರೆದರೆ ಓಡಿ ಬರಬೇಡಿ, ಒಂದು ನಿಮಿಷ ತಡೆದು ಅವರೇ ಸಂಭಾಳಿಸುತ್ತಾರೆಯೇ ನೋಡಿ. ಮೂರನೆಯ ವಾರ ಅರ್ಧ ಗಂಟೆ ಮನೆಯಿಂದ ಹೊರಗೆ, ಬೀದಿಯ ಕೊನೆಯ ತನಕ. ನಾಲ್ಕನೆಯ ವಾರ ಪೂರ್ತಿ ಎರಡು ಗಂಟೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಎಲ್ಲಿ ಅಂದರೆ, ಮೊದಲ ದಿನವೇ ಎರಡು ಗಂಟೆ ಬಿಟ್ಟು ಹೋಗುತ್ತಾರೆ, ಕಾಯಿಲೆಯವರು ಗಾಬರಿಯಾಗಿ ಕೂಗಾಡುತ್ತಾರೆ, “ನೋಡು, ನಾನಿಲ್ಲದೆ ಆಗಲ್ಲ” ಅಂತ ಅಲ್ಲಿಗೇ ಪ್ರಯತ್ನ ಮುಗಿಯುತ್ತದೆ. ಅದು ಬದಲಿಯವರ ತಪ್ಪೂ ಅಲ್ಲ, ಕಾಯಿಲೆಯವರ ತಪ್ಪೂ ಅಲ್ಲ. ಹೊಸ ಸಂಗತಿ ನೆನಪಿನಲ್ಲಿ ಉಳಿಯದವರಿಗೂ ಮುಖದ, ದನಿಯ ಪರಿಚಯ ಮತ್ತೆ ಮತ್ತೆ ಕಂಡು ಮೈಗೂಡುತ್ತದೆ. ಅದಕ್ಕೆ ಸಮಯ ಬೇಕು.

ಒಂದು ಹಾಳೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಒಂದೇ ಹಾಳೆ, ದೊಡ್ಡ ಅಕ್ಷರ. ಅವರನ್ನು ಏನೆಂದು ಕರೆದರೆ ತಿರುಗುತ್ತಾರೆ: ಮೇಷ್ಟ್ರೇ ಅಂತಲೋ, ಅಮ್ಮಾ ಅಂತಲೋ, ಹೆಸರೋ. ಯಾವ ಮಾತು ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೆ ಮನೆಯವರು ಕೊಡುವ ಉತ್ತರ ಏನು. ತೀರಿಹೋದ ಅಣ್ಣ ಎಲ್ಲಿ ಅಂತ ಕೇಳಿದರೆ “ಅವರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ” ಎಂದು ತಿದ್ದಬಾರದು. ಅವರಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. “ಅಣ್ಣನ ಬಗ್ಗೆ ಹೇಳಿ” ಎಂದು ಮಾತು ತಿರುಗಿಸಲಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಎಲ್ಲಿದೆ. ಎಷ್ಟು ಹೊತ್ತಿಗೊಮ್ಮೆ ಶೌಚಕ್ಕೆ ಕರೆದೊಯ್ಯಬೇಕು; ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ನೀವು ಹೊರಡುವ ಮುಂಚೆ ಒಮ್ಮೆ ತಪ್ಪದೆ. ಏನು ತಿನ್ನಲು ಕೊಡಬಹುದು, ಚಕ್ಕುಲಿ-ಕಡಲೆಬೀಜದಂಥ ಗಟ್ಟಿ ತಿನಿಸು ಗಂಟಲಿಗೆ ಸಿಕ್ಕುತ್ತದೆಯೇ, ನೀರು ನೆತ್ತಿಗೇರುತ್ತದೆಯೇ. ಕೊನೆಗೆ ಮೂರು ಫೋನ್ ನಂಬರು, ನಿಮ್ಮದು, ಪಕ್ಕದ ಮನೆಯದು, 108.

ಮಾತ್ರೆಗಳ ಹೊಣೆ ಬದಲಿಯವರಿಗೆ ಕೊಡಬೇಡಿ. ಬೆಳಗಿನದನ್ನು ನೀವು ಕೊಟ್ಟು ಹೊರಡಿ, ಮಧ್ಯಾಹ್ನದ್ದನ್ನು ಬಂದು ಕೊಡಿ, ಡಬ್ಬಿ ಬೀರುವಿನಲ್ಲಿರಲಿ. ಎರಡು ಬಾರಿ ಕೊಟ್ಟುಬಿಡುವುದು ತುಂಬಾ ಸಾಮಾನ್ಯವಾದ ಎಡವಟ್ಟು, ಯಾಕೆಂದರೆ “ನನಗೆ ಮಾತ್ರೆನೇ ಕೊಟ್ಟಿಲ್ಲ” ಅಂತ ಕಾಯಿಲೆಯವರೇ ನಂಬಿಸಿ ಹೇಳುತ್ತಾರೆ. ಗ್ಯಾಸ್ ರೆಗ್ಯುಲೇಟರ್ ಬಂದ್, ಗೀಸರ್ ಸ್ವಿಚ್ ಆಫ್. ಹಳ್ಳಿಯ ಮನೆಯಾದರೆ ಬಾವಿಗೆ, ಕೆರೆಯ ಕಡೆಯ ಹಿತ್ತಿಲ ಬಾಗಿಲಿಗೆ ಅಗಳಿ. ಬಿದ್ದರೆ ರಟ್ಟೆ ಹಿಡಿದು ಎಬ್ಬಿಸಕೂಡದು; ಎಲ್ಲಿ ನೋವು, ಕಾಲು ಅಲುಗಿಸಲು ಆಗುತ್ತದೆಯೇ ನೋಡಿ ಆಮೇಲೆ. ತೊಡೆಯ ಮೂಳೆ ಮುರಿದವರನ್ನು ಎಳೆದು ನಿಲ್ಲಿಸಿದರೆ ಪೆಟ್ಟು ಹೆಚ್ಚುತ್ತದೆ. ಇದ್ದಕ್ಕಿದ್ದಂತೆ ಮಂಪರು, ಎಂದಿಗಿಂತ ಬೇರೆಯಾದ ಗೊಂದಲ, ಜ್ವರ ಕಂಡರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕದೆ ತಕ್ಷಣ ನಿಮಗೆ ಫೋನ್ ಮಾಡಲಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶದ ಕೊರತೆ ಹೀಗೆಯೇ ಕಾಣಿಸಿಕೊಳ್ಳುತ್ತವೆ, ಅವಕ್ಕೆ ಚಿಕಿತ್ಸೆ ತಡಮಾಡಬಾರದು.

ಇನ್ನೆರಡು ಮಾತು ಗಟ್ಟಿಯಾಗಿ. ಹೊರಗೆ ಹೋಗಬೇಕೆಂದು ನಿದ್ದೆ ಮಾತ್ರೆ ಕೊಟ್ಟು ಮಲಗಿಸಬೇಡಿ. ಎದ್ದಾಗ ಬೀಳುತ್ತಾರೆ, ರಾತ್ರಿ ನಿದ್ದೆ ಕೆಡುತ್ತದೆ, ಗೊಂದಲ ದುಪ್ಪಟ್ಟಾಗುತ್ತದೆ. ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಯೂ ಹೋಗಬೇಡಿ. ಬೇರೆ ದಾರಿಯಿಲ್ಲದೆ ಹಾಗೆ ಮಾಡುವವರಿದ್ದಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಬೆಂಕಿ ಹೊತ್ತಿದರೆ ಹೊರಬರಲು ದಾರಿ ಇರುವುದಿಲ್ಲ.

ಹೊರಡುವ ಕ್ಷಣ ಒಂದು ಕಲೆ. ಬಾಗಿಲಲ್ಲಿ ನಿಂತು “ಹೋಗಿ ಬರ್ಲಾ? ಬೇಜಾರಿಲ್ಲ ಅಲ್ವಾ? ಬೇಗ ಬರ್ತೀನಿ” ಅಂತ ಹತ್ತು ಸಲ ಹೇಳಿದರೆ ಅವರಿಗೆ ಅರ್ಥವಾಗುವುದು ನಿಮ್ಮ ಆತಂಕ ಮಾತ್ರ. ಕಣ್ಣು ತಪ್ಪಿಸಿ ಹೋದರೂ ಕಷ್ಟ, ಕೋಣೆ ಕೋಣೆ ಹುಡುಕುತ್ತಾರೆ. ಬದಲಿಯವರು ಅವರ ಕೈಗೆ ಒಂದು ಕೆಲಸ ಕೊಟ್ಟ ಮೇಲೆ, “ಸಂಘಕ್ಕೆ ಹೋಗಿ ಊಟದ ಹೊತ್ತಿಗೆ ಬರ್ತೀನಿ” ಅಂತ ಒಂದೇ ಸಲ ಹೇಳಿ ಹೊರಡಿ. ಚೀಲ, ಚಪ್ಪಲಿ ಮೊದಲೇ ಹೊರಗಿರಲಿ. ಇನ್ನೂ ಓದಬಲ್ಲವರಾದರೆ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದು ಅವರ ಮುಂದಿನ ಮೇಜಿನ ಮೇಲಿಡಿ. ಕೇಳಿದಾಗಲೆಲ್ಲ ಬದಲಿಯವರು ಚೀಟಿ ತೋರಿಸಿದರಾಯಿತು.

ಕೇಳುವ ಬಗೆ

“ಏನಾದ್ರೂ ಬೇಕಿದ್ರೆ ಹೇಳು” ಅನ್ನುವವರು ಮನೆತುಂಬ ಇರುತ್ತಾರೆ. ಅವರು ಕಪಟಿಗಳಲ್ಲ, ಏನು ಮಾಡಬೇಕೋ ಗೊತ್ತಿಲ್ಲ ಅಷ್ಟೆ. “ಮಂಗಳವಾರ ಹತ್ತೂವರೆಯಿಂದ ಹನ್ನೆರಡೂವರೆ ಅಮ್ಮನ ಜತೆ ಕೂತಿರ್ತೀಯಾ? ತಿಂಗಳಿಗೆ ಒಂದೇ ಸಲ” ಎಂದು ಕೇಳಿದರೆ ಹೌದೋ ಅಲ್ಲವೋ ತಿಳಿಯುತ್ತದೆ. ನಾಲ್ಕು ಜನ ಒಪ್ಪಿದರೆ ತಿಂಗಳ ನಾಲ್ಕು ವಾರ ಮುಗಿಯಿತು. ಆದರೆ ಆಗ ನಾಲ್ವರಿಗೂ ತಯಾರಿ ಬೇಕಾಗುವುದರಿಂದ, ಮೊದಲ ಮೂರು ತಿಂಗಳು ಒಬ್ಬರೋ ಇಬ್ಬರೋ ಸಾಕು.

ಮನೆಯವರ ಸಭೆ ಕರೆಯುವಾಗ ಹಣದ ಮಾತನ್ನೂ ಹೊತ್ತಿನ ಮಾತನ್ನೂ ಒಟ್ಟಿಗೆ ಎತ್ತಬೇಡಿ. ಹಣದ ಮಾತು ಬಂದ ತಕ್ಷಣ ಆಸ್ತಿಯ ಮಾತು ಬರುತ್ತದೆ, ಸಭೆ ಅಲ್ಲಿಗೆ ಮುಗಿಯಿತು. ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಇರುವ ಮಗನಿಗೆ ಹಣ ಕಳಿಸುವುದರ ಜತೆಗೆ ಪೂರ್ತಿ ಒಂದು ಹೊಣೆ ವಹಿಸಿ: ಔಷಧಿ ಆರ್ಡರ್, ವಿಮೆಯ ಕಾಗದ, ಕರೆಂಟು-ನೀರಿನ ಬಿಲ್ಲು, ಡಾಕ್ಟರ ಅಪಾಯಿಂಟ್‌ಮೆಂಟ್. ಇವೆಲ್ಲ ಎಲ್ಲಿ ಕೂತರೂ ಆಗುವ ಕೆಲಸ, ಇಲ್ಲಿರುವ ಅಕ್ಕನ ಬೆಳಗಿನ ಹೊತ್ತನ್ನು ತಿನ್ನುತ್ತಿರುವುದೂ ಇವೇ. ದೂರದವರು ಅಮ್ಮನಿಗೆ ವಿಡಿಯೋ ಕರೆ ಮಾಡುವುದಕ್ಕೆ ತೋರುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಅಕ್ಕನಿಗೆ ಕರೆ ಮಾಡಲು ಬಳಸಿದರೆ ಲಾಭ ಹೆಚ್ಚು. ಕಾಯಿಲೆ ಮುಂದುವರಿದವರಿಗೆ ಪರದೆಯ ಮೇಲಿನ ಮುಖ ಗೊಂದಲವನ್ನೇ ತರಬಹುದು. ಆಮೇಲೆ ಅದನ್ನು ಸಮಾಧಾನ ಮಾಡುವವಳು ಅಕ್ಕನೇ.

ಆ ಎರಡು ಗಂಟೆಯಲ್ಲಿ ಏನು

ಕಷ್ಟಪಟ್ಟು ಗಳಿಸಿದ ಹೊತ್ತನ್ನು ಮುಕ್ಕಾಲು ಪಾಲು ಜನ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಲ್ಯಾಬ್ ರಿಪೋರ್ಟ್ ತರುವುದರಲ್ಲಿ ಕಳೆದು ಮನೆಗೆ ಬರುತ್ತಾರೆ. ಅದು ಬಿಡುವಲ್ಲ, ಆರೈಕೆಯದೇ ಹೊರಾಂಗಣ ಭಾಗ. ಸಿಕ್ಕ ಹೊತ್ತು ತಾವು ಅಂದುಕೊಂಡಂತೆ ಕಳೆಯಿತೇ ಇಲ್ಲವೇ ಎಂಬುದರ ಮೇಲೆ ಬಿಡುವಿನ ಫಲ ನಿಂತಿರುತ್ತದೆ ಎಂದು ಈ ವಿಷಯದ ಅಧ್ಯಯನಗಳು ತೋರಿಸಿವೆ. ಹಾಗಾಗಿ ಹೊರಡುವ ಹಿಂದಿನ ದಿನವೇ ಬರೆದಿಡಿ: ನಾಳೆ ಯಾರ ಜತೆ, ಎಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಬ್ರೆಂಟ್ ಮಾಸ್‌ಬಾಕ್ ಮತ್ತು ಜತೆಯವರು ಆರೈಕೆದಾರರಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಅಳೆದರು: ಮನಸ್ಸಿಗೆ ಹಿತವಾದದ್ದು ಎಷ್ಟು ಸಲ ಮಾಡುತ್ತಾರೆ, ಮಾಡಬೇಕೆಂದಿದ್ದು ಎಷ್ಟು ತಪ್ಪುತ್ತಿದೆ. ಹಿತವಾದದ್ದು ಕಡಿಮೆ, ತಪ್ಪಿದ್ದು ಹೆಚ್ಚು, ಎರಡೂ ಕೂಡಿದವರ ಮನಸ್ಸು ಹೆಚ್ಚು ಕುಗ್ಗಿತ್ತು. ಹೊರಗೆ ಹೋಗಲು ಆಗದ ವಾರ ಹದಿನೈದು ನಿಮಿಷ ಗೆಳತಿಗೆ ಫೋನ್ ಮಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ. ಹೊತ್ತು ಮಾತ್ರ ನಿಗದಿಯಾಗಿರಲಿ.

ಕಾಯಿಲೆಯ ಮಾತೇ ಬಾರದ ಒಂದು ಜಾಗ ಇರಬೇಕು, ಕಾಯಿಲೆಯ ಮಾತನ್ನೇ ಆಡಬಹುದಾದ ಇನ್ನೊಂದು ಜಾಗ ಇರಬೇಕು. ಭಜನಾ ಮಂಡಳಿಗೆ ಹೋದವರನ್ನು “ಪಾಪ, ಹೇಗಿದ್ದಾರೆ ಅತ್ತೆ?” ಅಂತಲೇ ಅರ್ಧ ಗಂಟೆ ಮಾತಾಡಿಸಿದರೆ ಅವರು ಮನೆ ಬಿಟ್ಟು ಬಂದೇ ಇಲ್ಲ. ಮಂಡಳಿಯ ಒಬ್ಬರಿಗೆ ಮುಂಚೆಯೇ ಹೇಳಿಡಿ, ಕೇಳುವುದಿದ್ದರೆ ಫೋನಿನಲ್ಲಿ ಕೇಳಲಿ ಅಂತ. ಪ್ರಯಾಣದ ಖರ್ಚು ಈಗ ಹೆಚ್ಚಿನ ಹೆಂಗಸರಿಗೆ ಅಡ್ಡಿಯಲ್ಲ; 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬದಲಿಯಾಗಿ ಕೂರಲು ಬರುವ ನಾದಿನಿಗೂ ಇದು ಅನ್ವಯ, ನೆನಪಿಸಿ.

ಕಾಯಿಲೆಯವರನ್ನೂ ಕರೆದುಕೊಂಡು ಹೋಗುವುದು ಇನ್ನೊಂದು ದಾರಿ. ಮದುವೆಗೆ ಹೋಗುವುದಿದ್ದರೆ ಇಡೀ ದಿನ ಬೇಡ, 45 ನಿಮಿಷ ಸಾಕು. ಊಟದ ಮೊದಲ ಪಂಕ್ತಿಗೆ ಕೂರಿಸಿ ಕರೆತನ್ನಿ. ವಾಲಗ, ಸ್ಪೀಕರುಗಳಿಂದ ದೂರ, ಬಾಗಿಲಿಗೆ ಹತ್ತಿರ ಜಾಗ. ಒಂದು ಜತೆ ಬದಲಿ ಬಟ್ಟೆ, ಅವರ ಜೇಬಿನಲ್ಲಿ ಹೆಸರು-ಫೋನ್ ನಂಬರಿನ ಚೀಟಿ. ಆತಿಥೇಯರಿಗೆ ಮೊದಲೇ ಒಂದು ಮಾತು. ದೊಡ್ಡ ತೊಂದರೆ ಕೊಡುವುದು ನೆಂಟರ ಆ ಪ್ರೀತಿಯ ಪರೀಕ್ಷೆ: “ನಾನ್ಯಾರು ಹೇಳಿ ನೋಡೋಣ?” ಸುತ್ತ ಹತ್ತು ಜನ ನಿಂತು ಉತ್ತರಕ್ಕೆ ಕಾಯುತ್ತಿರುವಾಗ ಹೆಸರು ಸಿಗದವರ ಮುಖ ನೋಡಬೇಕು. ಮುಂಚೆಯೇ ಎಲ್ಲರಿಗೂ ಹೇಳಿ: ಹತ್ತಿರ ಬಂದು “ನಾನು ಶಿರಸಿಯ ನಿಮ್ಮ ತಂಗಿ ಮಗ” ಅಂತ ತಾವೇ ಪರಿಚಯ ಹೇಳಿಕೊಳ್ಳಲಿ. ನಡವಳಿಕೆಯನ್ನು ಮೊದಲು ಕೆಡಿಸುವ ಫ್ರಂಟೋಟೆಂಪೊರಲ್ ಬಗೆಯ ಡಿಮೆನ್ಷಿಯಾ ಇರುವವರು ಸಭೆಯಲ್ಲಿ ನಾಚಿಕೆ ಬಿಟ್ಟು ವರ್ತಿಸುವುದುಂಟು. ಅವರನ್ನು ದೊಡ್ಡ ಸಮಾರಂಭಕ್ಕೆ ಒಯ್ಯದಿರುವುದೇ ಇಬ್ಬರಿಗೂ ಒಳ್ಳೆಯದು.

ಬೆಂಬಲ ಗುಂಪು

ಗೋವಾದಲ್ಲಿ ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು 81 ಕುಟುಂಬಗಳ ಮೇಲೆ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಸಲಹೆಗಾರರು ಆರು ತಿಂಗಳು ಮನೆಗೆ ಹೋಗಿ ಕಾಯಿಲೆಯ ತಿಳಿವಳಿಕೆ, ನಡವಳಿಕೆ ಸಂಭಾಳಿಸುವ ಬಗೆ ಹೇಳಿಕೊಟ್ಟರು. ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತು. ಆಶಾ ಕಾರ್ಯಕರ್ತೆಯರು ಇದನ್ನು ಗಮನಿಸಬೇಕು. ನಿಮ್ಮ ಊರಿನಲ್ಲಿ ಇಂಥ ನಾಲ್ಕೈದು ಮನೆ ಎಲ್ಲಿವೆ ಅಂತ ನಿಮಗೆ ಗೊತ್ತಿರುತ್ತದೆ, ಅವರಿಗೆ ಒಬ್ಬರದೊಬ್ಬರಿಗೆ ಗೊತ್ತಿರುವುದಿಲ್ಲ. “ಅರವತ್ತಕ್ಕೆ ಅರಳು ಮರಳು” ಅಂತ ಬಿಟ್ಟ ಮನೆಗಳೂ ಅದರಲ್ಲಿ ಇರುತ್ತವೆ.

ಗುಂಪು ಕಟ್ಟುವುದಾದರೆ 6ರಿಂದ 12 ಮಂದಿ, ತಿಂಗಳಿಗೊಮ್ಮೆ, ಒಂದೂವರೆ ಗಂಟೆ, ಬಸ್ ನಿಲ್ದಾಣಕ್ಕೆ ಹತ್ತಿರದ ಜಾಗ. ಆಗುವುದಾದರೆ ಪಕ್ಕದ ಕೋಣೆಯಲ್ಲಿ ಇಬ್ಬರು ಸ್ವಯಂಸೇವಕರು ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳಲಿ. ಬದಲಿಯವರಿಲ್ಲದ ಮನೆಯವರು ಬರಲು ಅದೊಂದೇ ದಾರಿ. ನೆದರ್‌ಲ್ಯಾಂಡ್ಸ್‌ನಲ್ಲಿ 1993ರಲ್ಲಿ ಶುರುವಾದ ಮೀಟಿಂಗ್ ಸೆಂಟರುಗಳು ಕಾಯಿಲೆಯವರಿಗೂ ನೋಡಿಕೊಳ್ಳುವವರಿಗೂ ಒಂದೇ ಸೂರು ಕೊಟ್ಟವು. ಮೊದಲ ಸುತ್ತಿನಲ್ಲಿ ಯಾರೂ ಯಾರಿಗೂ ಸಲಹೆ ಕೊಡಕೂಡದು, ಎಲ್ಲರೂ ತಲಾ ಐದು ನಿಮಿಷ ಮಾತು. ಈ ಕಟ್ಟು ಇಲ್ಲದಿದ್ದರೆ ಜೋರು ಬಾಯಿಯ ಇಬ್ಬರು ಸಭೆಯನ್ನು ನುಂಗುತ್ತಾರೆ, ಮೆಲುಮಾತಿನ ಸೊಸೆ ಮುಂದಿನ ತಿಂಗಳು ಬರುವುದಿಲ್ಲ. ಈಗಷ್ಟೇ ಕಾಯಿಲೆ ತಿಳಿದವರನ್ನೂ ಹಾಸಿಗೆ ಹಿಡಿದವರ ಮನೆಯವರನ್ನೂ ಬೆರೆಸುವಾಗ ಎಚ್ಚರ. ಹೊಸಬರು ಹೆದರಿ ಓಡುತ್ತಾರೆ. ಗಂಡಸರು “ಮಾತಾಡೋಣ ಬನ್ನಿ” ಅಂದರೆ ಬರುವುದು ಕಡಿಮೆ. “ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವುದು ಹೇಗೆ, ತೋರಿಸುತ್ತೇವೆ” ಅಂದರೆ ಬರುತ್ತಾರೆ, ಬಂದ ಮೇಲೆ ಮಾತೂ ಬರುತ್ತದೆ.

ವಾಟ್ಸ್ಯಾಪ್ ಗುಂಪು ಸುಲಭ, ಕೆಡುವುದೂ ಸುಲಭ. ಎರಡನೆಯ ವಾರವೇ ಸುಪ್ರಭಾತದ ಚಿತ್ರ, ಮೂರನೆಯ ವಾರ ನೆನಪು ಮರಳಿಸುವ ಎಣ್ಣೆ. ಸಂದೇಶ ಹಾಕುವ ಹೊತ್ತು ಬೆಳಿಗ್ಗೆ 8ರಿಂದ ರಾತ್ರಿ 8, ಫಾರ್ವರ್ಡ್ ಇಲ್ಲ, ಔಷಧಿಯ ಹೆಸರು ಇಲ್ಲ, ಕಾಯಿಲೆಯವರ ಫೋಟೋ-ವಿಡಿಯೋ ಇಲ್ಲ. ನಿಯಮ ಮುರಿದವರನ್ನು ಎರಡನೆಯ ಸಲಕ್ಕೆ ತೆಗೆದುಹಾಕುವ ಧೈರ್ಯ ಒಬ್ಬರಿಗೆ ಇರಬೇಕು. ಹೊಸದಾಗಿ ಶುರು ಮಾಡುವವರು 1992ರಲ್ಲಿ ಹುಟ್ಟಿದ, ಡಿಮೆನ್ಷಿಯಾ ಇರುವವರಿಗಾಗಿ ದುಡಿಯುವ ಎಆರ್‌ಡಿಎಸ್‌ಐ ಸಂಸ್ಥೆಯ ಬೆಂಗಳೂರು ಶಾಖೆಯನ್ನು ಕೇಳಬಹುದು. ಹಿರಿಯರ ಸಹಾಯವಾಣಿ 14567ರಲ್ಲೂ ಮಾಹಿತಿ ಸಿಗುತ್ತದೆ.

ಒಡನಾಟ ಎಲ್ಲಕ್ಕೂ ಮದ್ದಲ್ಲ. ಎರಡು ವಾರ ಬಿಡದೆ ನಿದ್ದೆ, ಹಸಿವು, ಆಸಕ್ತಿ ಸತ್ತಿದ್ದರೆ, ಕಾಯಿಲೆಯವರ ಮೇಲೆ ಕೈ ಎತ್ತಿಬಿಟ್ಟೆ ಅಥವಾ ಎತ್ತಿಬಿಡುತ್ತೇನೋ ಎಂಬ ಭಯ ಬಂದಿದ್ದರೆ, ಬದುಕು ಬೇಡವೆನಿಸಿದ್ದರೆ ಭಜನೆಗೆ ಹೋಗಿ ಅಂತ ಕಳಿಸಬಾರದು, ವೈದ್ಯರ ಹತ್ತಿರ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಬಿಪಿ, ಸಕ್ಕರೆಯ ಪರೀಕ್ಷೆಯನ್ನು ಅವರ ತಪಾಸಣೆಯ ದಿನವೇ ಮಾಡಿಸಿಕೊಳ್ಳಿ, ಇನ್ನೊಂದು ದಿನ ಅಂತ ಬಿಟ್ಟರೆ ಆ ದಿನ ಬರುವುದಿಲ್ಲ.

ಕೊನೆಯದಾಗಿ, ಕಾಯಿಲೆಯವರು ತೀರಿಕೊಂಡ ಮೇಲಿನ ಕಾಲ. 2003ರಲ್ಲಿ ಶುಲ್ಜ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 217 ಆರೈಕೆದಾರರಲ್ಲಿ ಶೇ 72ರಷ್ಟು ಮಂದಿ ಆ ಸಾವು ತಮಗೆ ಬಿಡುಗಡೆ ಅನಿಸಿತೆಂದು ಹೇಳಿದ್ದರು. ನಮ್ಮಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಹೇಳಬಹುದಾದ ಜಾಗ ಬೆಂಬಲ ಗುಂಪೊಂದೇ. ಹದಿಮೂರನೆಯ ದಿನ ನೆಂಟರೆಲ್ಲ ಹೊರಟ ಮೇಲೆ ದಿನಕ್ಕೆ ಹತ್ತು ಗಂಟೆ ಒಮ್ಮೆಲೇ ಖಾಲಿಯಾಗುತ್ತದೆ. ಆ ಹೊತ್ತಿಗೆ ಗುಂಪಿನ ಪಟ್ಟಿಯಿಂದ ಹೆಸರು ಹೊಡೆಯಬೇಡಿ, ಮುಂದಿನ ಸಭೆಗೆ ಫೋನ್ ಮಾಡಿ ಕರೆಯಿರಿ, ಆರು ತಿಂಗಳು ಕರೆಯುತ್ತಲೇ ಇರಿ. ಬಂದವರು ಒಪ್ಪಿದರೆ ಹೊಸ ಮನೆಯೊಂದರಲ್ಲಿ ಬದಲಿಯಾಗಿ ಕೂರಲು ಕೇಳಬಹುದು. ಆ ಕೆಲಸ ಬಲ್ಲವರು ಊರಿನಲ್ಲಿ ಅವರೇ. ಆದರೆ ಮೊದಲ ಮೂರು ತಿಂಗಳು ಕೇಳಬೇಡಿ.